ನಾನು ಊರಲ್ಲಿಲ್ಲದ ದಿನಗಳು

ಸಾಗರ ತಾಲ್ಲೂಕು
ನವೆಂಬರ್ 12, 2025, ಬುಧವಾರ

ಮಗಳು ಭವ್ಯಶ್ರೀಗೆ ಅಮ್ಮ ಸುಚಿತ್ರಾ ಬರೆಯುವುದು. ತೀರ್ಥಹಳ್ಳಿಯಲ್ಲಿ ನೀನೂ ಅಳಿಯಂದಿರು ನಟರಾಜರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ಕಾಯಿಲೆಯೇನೂ ಅಲ್ಲ, ಹೆದರಬೇಡ.

ಫೋನ್ ಇರುವ ಕಾಲದಲ್ಲಿ ಅಮ್ಮ ಅಂಚೆ ಕವರು ಕಳಿಸಿದ್ದಾಳಲ್ಲ ಎಂದು ನಗುತ್ತೀಯೇನೋ. ನಗು. ನನ್ನ ಫೋನು ನನ್ನದಲ್ಲ. ಸಂಜೆಯಾದರೆ ನಿಮ್ಮಪ್ಪ ಕೈ ಚಾಚುತ್ತಾರೆ, "ಪಂಚಾಯಿತಿ ಮೆಸೇಜು ಎಂತಾರು ಬಂದದ್ಯಾ ನೋಡ್ತೀನಿ, ಕೊಡು" ಅಂತ. ಭಾನುವಾರ ನೀನು ಫೋನ್ ಮಾಡಿ ನನ್ನನ್ನು ಬೈದೆಯಲ್ಲ, ಆಗಲೂ ಫೋನು ಇದ್ದದ್ದು ಅವರ ಕೈಯಲ್ಲಿ, ಸ್ಪೀಕರ್ ಹಾಕಿಕೊಂಡು. "ದುಬೈ ಟಿಕೆಟ್ ಆಗಿದೆ, ಈಗ ಬರಲ್ಲ ಅಂದ್ರೆ ಹೆಂಗಮ್ಮ? ಅಪ್ಪನಂಥ ಗಂಡ ಊರಲ್ಲಿ ಯಾರಿಗಿದಾನೆ? ಬೇರೆಯವ್ರು ಹೆಂಡ್ತೀನ ಸಾಗರದ ಪೇಟೆಗೂ ಕರ್ಕೊಂಡು ಹೋಗಲ್ಲ" ಎಂದೆ. ನಾನು ಹೂಂ ಎಂದೆ. ನಿಮ್ಮಪ್ಪ ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ನಗುತ್ತಿದ್ದರು. ಆ ಹೂಂ ಅನ್ನು ಈ ಕಾಗದದಲ್ಲಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತಾ? ಪಂಚಾಯಿತಿ ಕಚೇರಿಯಲ್ಲಿ, ಅಧ್ಯಕ್ಷರ ಕುರ್ಚಿಯ ಮೇಲೆ. ಅಧ್ಯಕ್ಷೆಯಾಗಿ ಎರಡು ವರ್ಷ ದಾಟಿತು, ಈ ಕುರ್ಚಿಯಲ್ಲಿ ನಾನು ಕೂತದ್ದು ಎಣಿಸಿ ಹತ್ತು ಸಲ ಇರಲಿಕ್ಕಿಲ್ಲ. ಸೀಟಿನ ಮೇಲೆ ನಿಮ್ಮಪ್ಪನ ಟವೆಲ್ಲಿದೆ, ಅದನ್ನು ತೆಗೆದು ಕಿಟಕಿಗೆ ಹಾಕಿದೆ. ಕಾರ್ಯದರ್ಶಿ ನಾರಾಯಣಮೂರ್ತಿ ಊಟಕ್ಕೆ ಹೋಗಿದ್ದಾರೆ. ಹೋಗುವಾಗ ಬಾಗಿಲಲ್ಲಿ ನಿಂತು, "ಸಾರ್ ಬರ್ತಾರಾ ಮೇಡಂ?" ಎಂದು ಎರಡು ಸಲ ಕೇಳಿದರು. ಅಧ್ಯಕ್ಷೆ ಒಬ್ಬಳೇ ಕಚೇರಿಗೆ ಬಂದರೆ ಈ ಗಂಡಸರಿಗೆ ಯಾರದೋ ಸಾವಿನ ಸುದ್ದಿ ಬಂದಂತೆ ಆಗುತ್ತದೆ.

ನಿನಗೆ ನಮ್ಮ ಪ್ರವಾಸಗಳ ಫೋಟೋ ಗೊತ್ತು. ಸ್ಟೇಟಸ್ಸಿಗೆ ಹಾಕಿ 'ನನ್ನ ಜೋಡಿಹಕ್ಕಿಗಳು' ಎಂದು ಬರೆದವಳು ನೀನೇ. ಆ ಫೋಟೋಗಳ ಹಿಂದೆ ಏನಿತ್ತು ಎಂದು ಇವತ್ತು ಬರೆಯುತ್ತೇನೆ. ಪೂರ್ತಿ ಓದಿದ ಮೇಲೆ ಅಳಿಯಂದಿರಿಗೆ ತೋರಿಸಬೇಕೋ ಬೇಡವೋ ನೀನೇ ತೀರ್ಮಾನ ಮಾಡು.

ಮೊದಲನೆಯದು ಕನ್ಯಾಕುಮಾರಿ. 2023ರ ಆಗಸ್ಟ್. ನಾನು ಮೆಂಬರಾಗಿ ಎರಡೂವರೆ ವರ್ಷವಾಗಿತ್ತು, ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿ ಬಂತು. ಒಂದು ಬೆಳಿಗ್ಗೆ ಮನೆ ಮುಂದೆ ಮಿನಿಬಸ್ಸು. "ಹೊರಡೇ, ಸಮುದ್ರ ನೋಡ್ಕೊಂಡು ಬರಾಣ" ಎಂದರು. ನಾನು ಹುಚ್ಚಿ, ಮದುವೆಯ ರೇಷ್ಮೆ ಸೀರೆ ಇಟ್ಟುಕೊಂಡೆ. ಬಸ್ಸು ಹತ್ತಿದರೆ ಒಳಗೆ ಇನ್ನೂ ಆರು ಮಂದಿ ಮೆಂಬರುಗಳು, ಅವರ ಹೆಂಡತಿಯರೋ ಗಂಡಂದಿರೋ ಜೊತೆಗೆ. ಶಿವಮೊಗ್ಗ ದಾಟುವ ಹೊತ್ತಿಗೆ ಪೂರ್ಣೇಶ ಒಂದು ಚೀಲ ಹಿಡಿದುಕೊಂಡು ಬಂದು ಎಲ್ಲರ ಫೋನು ಅದರೊಳಗೆ ಹಾಕಿಸಿಕೊಂಡ. "ಅತ್ತಿಗೆ, ಟೂರಲ್ಲಿ ಫೋನ್ ಇದ್ರೆ ಮಜಾ ಇರಲ್ಲ" ಎಂದ. ಪೂರ್ಣೇಶ ಯಾರು ಎಂದು ನಿನಗೆ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ಕಡೆಯ ದೊಡ್ಡ ಜಮೀನಿನ ಮನೆಯವನು, ನಿಮ್ಮ ಟ್ರಾವೆಲ್ಸ್ ಅಂಗಡಿ ಶುರುವಾದ ದಿನ ರಿಬ್ಬನ್ ಕತ್ತರಿಸಿದವನು.

ಆರು ದಿನ ತಿರುಗಿದೆವು. ಏಳನೆಯ ದಿನ ಬೆಳಿಗ್ಗೆ ಬಸ್ಸು ಸೀದಾ ಪಂಚಾಯಿತಿ ಬಾಗಿಲಿಗೆ ಬಂತು. ಇಳಿದೆವು, ಕೈ ಎತ್ತಿದೆವು, ನಾನು ಅಧ್ಯಕ್ಷೆಯಾದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಪ್ರವಾಸ ಎನ್ನುತ್ತಾರೆ. ಜಾತ್ರೆಗೆ ಹೋರಿ ಸಾಗಿಸುವಾಗಲೂ ನಡುವೆ ಇಳಿಸಿ ನೀರು ಕುಡಿಸುತ್ತಾರೆ. ನಮಗೆ ಸಮುದ್ರ ತೋರಿಸಿದರು. ಅಷ್ಟೇ ವ್ಯತ್ಯಾಸ.

ಆದರೆ ಒಂದು ನಿಜ ಹೇಳುತ್ತೇನೆ, ಭವ್ಯಾ. ನನಗೆ ಇಷ್ಟವಾಯಿತು. ಮೂರು ಸಮುದ್ರ ಸೇರುವ ಕಡೆ ನೀರಲ್ಲಿ ಮೊಣಕಾಲವರೆಗೆ ನಿಂತಾಗ ನಾನು ಯಾವ ಊರಿನ ಸೊಸೆಯೂ ಆಗಿರಲಿಲ್ಲ. ನಿನ್ನ ಅಜ್ಜಿ, ನನ್ನ ತಾಯಿ ಶೇಷಮ್ಮ, ಹದಿಮೂರು ವರ್ಷದವಳಿದ್ದಾಗ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟವಳು. ಲಾರಿಯಲ್ಲಿ ಒರಳುಕಲ್ಲಿನ ಪಕ್ಕ ಕೂತು ಬಂದಳಂತೆ. ಅವಳ ಪಾಲಿಗೆ ಪ್ರವಾಸ ಎಂದರೆ ಬೇಸಿಗೆಯಲ್ಲಿ ನೀರಿಳಿದಾಗ ಹೊನ್ನೆಮರಡಿನ ಆಚೆ ನಡೆದುಹೋಗಿ ತನ್ನ ಮನೆಯ ಬಾವಿಕಟ್ಟೆ ನೋಡುವುದು. ವರ್ಷಕ್ಕೊಮ್ಮೆ ಕೆಸರಲ್ಲಿ ನಿಂತು, "ಇಲ್ಲೇ ಕಣೇ ನಮ್ಮ ತುಳಸಿಕಟ್ಟೆ" ಎನ್ನುತ್ತಿದ್ದಳು. ಅಂಥವಳ ಮಗಳು ನಾನು. ದೇಶ ತೋರಿಸುತ್ತೇನೆ ಎಂದರೆ ಯಾಕೆ ಬೇಡ ಎನ್ನಲಿ?

ಅಧ್ಯಕ್ಷೆಯಾದ ಮೇಲೆ ನಿಮ್ಮಪ್ಪ ಕಚೇರಿಗೆ ಹೋದರು, ನಾನು ಒಲೆಗೆ ಹೋದೆ. ಮನೆ ಮುಂದಿನ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ನಿಮ್ಮಪ್ಪನ 'ರಾಜೇಂದ್ರ' ದಪ್ಪ. ನಾನು ತಪ್ಪು ಮಾಡಿದ್ದು ಒಂದೇ, ಒಮ್ಮೆ ಸಭೆಯಲ್ಲಿ ಬಾಯಿಬಿಟ್ಟೆ. ಗಾಳಿಗುಡ್ಡದ ಮೇಲಿನ ಹದಿನಾಲ್ಕು ಮನೆಗಳನ್ನು ವಸತಿ ಪಟ್ಟಿಗೆ ಯಾಕೆ ಸೇರಿಸಿಲ್ಲ ಎಂದು ಕೇಳಿದೆ. ಮೂವತ್ತು ವರ್ಷದಿಂದ ಇದ್ದಾರೆ, ರೇಷನ್ ಕಾರ್ಡಿದೆ, ಓಟಿದೆ, ಹಕ್ಕುಪತ್ರ ಮಾತ್ರ ಇಲ್ಲ. ಎಲ್ಲರೂ ನಿಮ್ಮಪ್ಪನ ಮುಖ ನೋಡಿದರು. ನಿಮ್ಮಪ್ಪ ಗೋಡೆ ನೋಡಿದರು. "ಮುಂದಿನ ಮೀಟಿಂಗಿಗೆ ಇಟ್ಕಳಾಣ" ಎಂದ ಉಪಾಧ್ಯಕ್ಷ.

ಮುಂದಿನ ಮೀಟಿಂಗಿನ ದಿನ ನಾನು ಶ್ರೀನಗರದಲ್ಲಿದ್ದೆ. 2024ರ ಏಪ್ರಿಲ್. ದಾಲ್ ಸರೋವರದ ದೋಣಿಯಲ್ಲಿ ಕೂತಿದ್ದೆ. ಚಳಿಗೆ ನನ್ನ ಕೈ ಮರಗಟ್ಟಿತ್ತು. ನಿಮ್ಮಪ್ಪ ಎರಡೂ ಕೈ ತಮ್ಮ ಕೋಟಿನೊಳಗೆ ಎಳೆದುಕೊಂಡು ಬೆಚ್ಚಗೆ ಹಿಡಿದು ಕೂತರು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಅದೇ ಮೊದಲು. ನನಗೆ ಅಳು ಬಂತು. ಕೇಸರಿ ಮಾರುವವನು ನೋಡಿ ನಕ್ಕ. ಊರಿಗೆ ಬಂದ ಮೇಲೆ ತಿಳಿಯಿತು, ಪಟ್ಟಿ ಪಾಸಾಗಿದೆ, ಗಾಳಿಗುಡ್ಡದ ಒಂದು ಹೆಸರೂ ಇಲ್ಲ. ಕೇಳಿದ್ದಕ್ಕೆ, "ನೀ ಇರ್ಲಿಲ್ವಲ್ಲೇ, ಎಂತ ಮಾಡಾದು" ಎಂದರು.

ಎಂತ ಮಾಡಾದು! ಆವತ್ತಿನಿಂದ ಆ ದೋಣಿಯ ಫೋಟೋ ನೋಡಿದಾಗಲೆಲ್ಲ ಒಂದೇ ಪ್ರಶ್ನೆ. ಅವರು ಹಿಡಿದದ್ದು ಹೆಂಡತಿಯ ಕೈಯೋ, ಅಧ್ಯಕ್ಷೆಯ ಕೈಯೋ? ಅದು ಪ್ರೀತಿಯೋ ಪಹರೆಯೋ? ಸಂಸಾರದಲ್ಲಿ ಅನುಮಾನ ಹೊಕ್ಕರೆ ಗೆದ್ದಲಿನ ಹಾಗೆ ಎನ್ನುತ್ತಾರೆ. ಎನ್ನಲಿ. ಗೆದ್ದಲು ಹತ್ತುವುದು ಒಣಗಿದ ಮರಕ್ಕೇ.

ಆಮೇಲೆ ವಿಯೆಟ್ನಾಂ. ಈ ವರ್ಷ ಫೆಬ್ರುವರಿ ಒಂಬತ್ತರಿಂದ ಹದಿನಾಲ್ಕು. ಟಿಕೆಟ್ ಮಾಡಿದ್ದು ನೀನು. ದಿನಾಂಕ ಆರಿಸಿದ್ದು ಯಾರು? ಅಪ್ಪ ಹೇಳಿದರು, ನೀನು ಮಾಡಿದೆ ಎಂದು ನಂಬಿದ್ದೇನೆ. ನಂಬಬೇಕೆಂದು ನಂಬಿದ್ದೇನೆ. ಗಾಳಿಗುಡ್ಡದ ಮೇಲೆ ಪೂರ್ಣೇಶನ ರೆಸಾರ್ಟ್ ಆದರೆ ಅದರ ಬುಕಿಂಗ್ ಪೂರ್ತಿ ನಿಮ್ಮ ಅಂಗಡಿಗೇ ಎಂದು ನಿಟ್ಟೂರಿನ ಮದುವೆಮನೆಯಲ್ಲಿ ಯಾರೋ ಹೇಳಿದರು. ಅದೂ ಸುಳ್ಳಿರಲಿ ಎಂದುಕೊಂಡಿದ್ದೇನೆ.

ಅಲ್ಲಿ ಡಾ ನಾಂಗ್ ಎಂಬ ಊರಿನ ಹತ್ತಿರ ಬೆಟ್ಟದ ಮೇಲೊಂದು ಸೇತುವೆ ಇದೆ. ಕಲ್ಲಿನ ಹಾಗೆ ಕಾಣುವ ಎರಡು ದೈತ್ಯ ಕೈಗಳು ಅದನ್ನು ಎತ್ತಿ ಹಿಡಿದಿವೆ. ಮಂಜು. ಸಾವಿರಾರು ಜನ, ಎಲ್ಲರ ಕೈಯಲ್ಲೂ ಫೋನು. ನಿಮ್ಮಪ್ಪ ಪೂರ್ಣೇಶನಿಗೆ ವೀಡಿಯೋ ಕಾಲ್ ಮಾಡಿ ಸೇತುವೆ ತೋರಿಸಿದರು. "ನೋಡಾ ಮಾರಾಯ, ನಮ್ಮ ಗುಡ್ಡಕ್ಕೆ ಇಂಥದ್ದೊಂದು ಬಂದ್ರೆ ಜೋಗಕ್ಕೆ ಬಂದವ್ರೆಲ್ಲ ಇಲ್ಲಿಗೇ!" ಎಂದರು. ಪೂರ್ಣೇಶನ ದನಿ ಮಂಜಿನೊಳಗಿಂದ ಬಂದ ಹಾಗೆ ಕೇಳಿಸಿತು: "ಅಣ್ಣ, ಇಲ್ಲಿ ಎಲ್ಲ ಆತು. ಅತ್ತಿಗೆ ದಸ್ಕತ್ತೂ ಸರಿಯಾಗಿ ಕೂತದೆ." ನಾನು, "ಎಂಥ ದಸ್ಕತ್ತು?" ಎಂದೆ. ನಿಮ್ಮಪ್ಪ ಫೋನು ಕಿಸೆಗಿಟ್ಟರು. "ಬ್ಯಾಂಕಿಂದು ಮಾರಾಯ್ತಿ. ಆ ಕೈ ಕೆಳಗೆ ನಿಲ್ಲು, ನಗು" ಎಂದರು. ನೀನು ಕಟ್ಟು ಹಾಕಿಸಿ ಮನೆಗೆ ಕಳಿಸಿದ್ದೀಯಲ್ಲ, ಅದೇ ಫೋಟೋ. ಇನ್ನೊಂದು ಸಲ ನೋಡು. ನಾನು ನಗುತ್ತಿಲ್ಲ.

ಜೋಗ ಎಂದೆ. ಇಡೀ ದೇಶ ಬಂದು ನೋಡುವ ಆ ಜೋಗವನ್ನು ನಾವಿಬ್ಬರೂ ಒಟ್ಟಿಗೆ ಒಮ್ಮೆಯೂ ನೋಡಿಲ್ಲ, ಗೊತ್ತಾ? ಮನೆಯಿಂದ ಒಂದು ಗಂಟೆ ದಾರಿ. ಸಂಜೆ ವಾಪಸ್ ಬರುವ ಜಾಗಕ್ಕೆ ಕರೆದುಕೊಂಡು ಹೋಗಿ ಯಾರಿಗೆ ಲಾಭ?

ಆಗಸ್ಟಿನಲ್ಲಿ ಪುಷ್ಪಮ್ಮ ಬಂದಳು. ಗಾಳಿಗುಡ್ಡದ ಪುಷ್ಪಮ್ಮ, ಗೇರುಬೀಜದ ಕಾರ್ಖಾನೆಗೆ ಹೋಗುವವಳು. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಮದುವೆಗೆ ಮುಂಚೆ ನಾನು ಸಾಕ್ಷರತಾ ಜಾಥಾದಲ್ಲಿದ್ದೆ. ಲಾಟೀನು, ಸ್ಲೇಟು ಹಿಡಿದು ಕೇರಿ ಕೇರಿ ತಿರುಗಿದ್ದೇನೆ, ಬೀದಿಯಲ್ಲಿ ನಾಟಕ ಆಡಿದ್ದೇನೆ, ಗಂಟಲು ಹರಿಯುವ ಹಾಗೆ ಹಾಡಿದ್ದೇನೆ. ಹೆಬ್ಬೆಟ್ಟು ಒತ್ತುತ್ತಿದ್ದ ಪುಷ್ಪಮ್ಮನಿಗೆ ಹೆಸರು ಬರೆಯಲು ಕಲಿಸಿದ್ದು ನಾನು. ನಮ್ಮ ಪಾಠದ ಕೊನೆಯ ಮಾತು ಯಾವಾಗಲೂ ಒಂದೇ: ಓದದೆ ದಸ್ಕತ್ತು ಹಾಕಬೇಡಿ, ಹಾಕಿದರೆ ಅದು ಹೆಬ್ಬೆಟ್ಟಿಗಿಂತ ಕಡೆ.

ಅವಳ ಕೈಯಲ್ಲಿ ನೋಟೀಸಿತ್ತು. ನವೆಂಬರ್ ಮೂವತ್ತರೊಳಗೆ ಗುಡ್ಡ ಖಾಲಿ ಮಾಡಬೇಕು. ಅಂಗಳದಲ್ಲೇ ನಿಂತಳು. ಚಾ ಕೊಟ್ಟೆ, ಮುಟ್ಟಲಿಲ್ಲ. "ಅಕ್ಕಾ, ನೀವೇ ದಸ್ಕತ್ತು ಹಾಕೀರಂತೆ. ಹೌದಾ?" ಎಂದಳು. "ಇಲ್ಲ ಪುಷ್ಪಾ, ನಾ ಹಾಕಿಲ್ಲ. ನಾ ಊರಲ್ಲೇ ಇರ್ಲಿಲ್ಲ" ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ಊರಲ್ಲಿ ಇರದೇ ಇದ್ದಾಗೆಲ್ಲ ನಮ್ಗೇ ಎಂತಾದ್ರೂ ಆಗ್ತದಲ್ಲಕ್ಕ. ಮುಂದಿನ ಸಲ ಎಲ್ಲಿಗೆ ಹೋಗ್ತೀರಿ ಅಂತ ಮುಂಚೇನೇ ಹೇಳಿಬಿಡಿ, ಪಾತ್ರೆ ಪಗಡ ಕಟ್ಟಿಟ್ಕತೀವಿ" ಎಂದಳು. ಚಪ್ಪಲಿಯಲ್ಲಿ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಿಮ್ಮಪ್ಪನನ್ನು ಕೇಳಿದೆ. "ಅದೆಲ್ಲ ಕಾನೂನಿನ ಮಾತು. ನಿನ್ನ ತಲೇಲಿ ಹುಳ ಬಿಟ್ಟವ್ರು ಯಾರು?" ಎಂದರು. ಮಾರನೆಯ ದಿನವೇ, ಮನಸ್ಸಿಗೆ ಸಮಾಧಾನ ಆಗಲಿ ಎಂದು ವರದಹಳ್ಳಿಯ ಆಶ್ರಮಕ್ಕೆ ಕರೆದುಕೊಂಡು ಹೋದರು. ನಾನು ಸರದಿಯಲ್ಲಿ ನಿಂತಿದ್ದೆ, ಅವರು ಮೆಟ್ಟಿಲ ಬುಡದಲ್ಲಿ ಫೋನಿನಲ್ಲಿದ್ದರು. ನನ್ನ ಕಡೆ ನೋಡುವುದು, ದನಿ ತಗ್ಗಿಸುವುದು, ಮತ್ತೆ ನೋಡುವುದು. ದೇವರ ಹತ್ತಿರ ಏನೂ ಕೇಳಲಿಲ್ಲ. ನಾಳೆ ಕಚೇರಿಗೆ ಹೋಗುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದೆ. ನಾರಾಯಣಮೂರ್ತಿಗೆ ಸಭೆಗಳ ನಡಾವಳಿ ಪುಸ್ತಕ ಕೊಡಿ ಎಂದೆ. "ಸಾರ್ ಬರ್ಲಿ ಮೇಡಂ" ಎಂದರು. "ಸಾರ್ ಯಾರು? ಈ ಪಂಚಾಯಿತಿಗೆ ಆರಿಸಿ ಬಂದವ್ರು ಯಾರು, ಅವ್ರಾ ನಾನಾ?" ಎಂದೆ. ಜಾಥಾದ ದನಿ ಇನ್ನೂ ಸತ್ತಿರಲಿಲ್ಲ ಎಂದು ಆವತ್ತೇ ಗೊತ್ತಾಗಿದ್ದು. ಪುಸ್ತಕ ಬಂತು.

ಫೆಬ್ರುವರಿ 12, 2025. ವಿಶೇಷ ಸಾಮಾನ್ಯ ಸಭೆ. ಅಧ್ಯಕ್ಷತೆ ಶ್ರೀಮತಿ ಸುಚಿತ್ರಾ ರಾಜೇಂದ್ರ. ಗಾಳಿಗುಡ್ಡದಲ್ಲಿ 'ಯಾವುದೇ ವಾಸದ ಮನೆಗಳು ಇರುವುದಿಲ್ಲ', ಆದ್ದರಿಂದ ಪ್ರವಾಸಿ ಯೋಜನೆಗೆ ಪಂಚಾಯಿತಿಯ ಆಕ್ಷೇಪಣೆ ಇರುವುದಿಲ್ಲ. ಕೆಳಗೆ ನನ್ನ ದಸ್ಕತ್ತು. ಅದೇ ಬಾಗು, ಅದೇ ಗೆರೆ. ಆ ಹೊತ್ತಿಗೆ ನಾನು ಆ ದೈತ್ಯ ಕೈಗಳ ಕೆಳಗೆ ನಿಂತಿದ್ದೆ. ಇದು ಪೂರ್ಣೇಶನ ಕೈಯೋ, ನಿಮ್ಮಪ್ಪನ ಕೈಯೋ, ಈ ನಾರಾಯಣಮೂರ್ತಿಯ ಕೈಯೋ ಎಂದು ಆವತ್ತಿನಿಂದ ಒಬ್ಬೊಬ್ಬರ ಬೆರಳನ್ನೂ ನೋಡುತ್ತಿದ್ದೇನೆ.

'ಯಾವುದೇ ಮನೆಗಳು ಇರುವುದಿಲ್ಲ.' ಈ ಸಾಲು ಯಾರ ಮನೆಯಿಂದ ಹೊರಟಿತು ನೋಡು. ನಿಮ್ಮಪ್ಪನ ಅಜ್ಜ ಕಾಗೋಡು ಸತ್ಯಾಗ್ರಹದಲ್ಲಿ ಜೈಲು ಕಂಡವರು. ನಿನ್ನ ಅಜ್ಜ ಸೀತಾರಾಮಪ್ಪ ಗೇಣಿದಾರನೆಂದು ಅರ್ಜಿ ಹಾಕಿದಾಗ ಒಡೆಯರ ಕಡೆಯವರು ಬಂದು, ಈ ಗದ್ದೆಯಲ್ಲಿ ಗೇಣಿದಾರರೇ ಇರಲಿಲ್ಲ ಎಂದು ಹೇಳಿದ್ದರಂತೆ. ಅಜ್ಜ ಬದುಕಿರುವವರೆಗೂ ಆ ಮಾತು ಹೇಳಿ ಉಗುಳುತ್ತಿದ್ದರು. ಈಗ ಅದೇ ಮಾತು ನಮ್ಮ ಬಾಯಲ್ಲಿ. ಭೂಮಿ ಬಂತು, ಜೊತೆಗೆ ಒಡೆಯರ ನಾಲಗೆಯೂ ಬಂತಾ? ನನ್ನ ತಾಯಿಯ ಊರು ನೀರೊಳಗೆ ಹೋಯಿತು. ಪುಷ್ಪಮ್ಮನ ಊರು ನೋಡುವವರ ಕಣ್ಣೊಳಗೆ ಹೋಗುತ್ತಿದೆ. ಸೇತುವೆ ಮೇಲೆ ನಿಂತು ಸೆಲ್ಫಿ ತೆಗೆಯುವವರಿಗೆ ಕೆಳಗೆ ಯಾರ ಒಲೆ ಇತ್ತು ಎಂದು ಯಾರು ಹೇಳುತ್ತಾರೆ?

ಈಗ ದುಬೈ. ಇಪ್ಪತ್ತೊಂದಕ್ಕೆ ಹೊರಟು ಇಪ್ಪತ್ತಾರಕ್ಕೆ ವಾಪಸ್. ನವೆಂಬರ್ ಇಪ್ಪತ್ತನಾಲ್ಕು, ಸೋಮವಾರ, ಗ್ರಾಮಸಭೆ. ಗಾಳಿಗುಡ್ಡದವರು ಆವತ್ತು ತಮ್ಮ ಅರ್ಜಿ ಓದಿಸಲು ಬರುತ್ತಾರೆ. ಮೂವತ್ತಕ್ಕೆ ಮೊದಲು ಅವರಿಗೆ ಉಳಿದಿರುವುದು ಅದೊಂದೇ ದಿನ. ಈಗಲಾದರೂ ಹೇಳು, ನಿಮ್ಮಪ್ಪ ನನಗೆ ದುಬೈ ತೋರಿಸಲು ಹೊರಟಿದ್ದಾರಾ?

ಅವಸರದಲ್ಲಿ ಅವರೊಂದು ತಪ್ಪು ಮಾಡಿದರು. ಗಾಡ್ರೆಜ್ಜಿನಲ್ಲಿ ಬೀಗ ಹಾಕಿಟ್ಟಿದ್ದ ಪಾಸ್‌ಪೋರ್ಟುಗಳನ್ನು ವೀಸಾಕ್ಕೆಂದು ತೆಗೆದು ನನ್ನ ಕೈಗೇ ಕೊಟ್ಟರು. "ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಹತ್ರ ಕೊಡು, ಭವ್ಯ ಇಳಿಸ್ಕತಾಳೆ" ಎಂದರು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತು ನನ್ನದನ್ನು ಬಿಡಿಸಿದೆ. ಬೆಂಗಳೂರು ಬಿಟ್ಟ ಮೊಹರು ಒಂಬತ್ತನೇ ತಾರೀಕು. ವಾಪಸ್ ಬಂದದ್ದು ಹದಿನಾಲ್ಕು. ನಡುವೆ ವಿಯೆಟ್ನಾಮಿನ ಮೊಹರು. ಹನ್ನೆರಡರಂದು ನಾನು ಈ ಕುರ್ಚಿಯಲ್ಲಿ ಕೂತಿರಲಿಲ್ಲ ಎಂದು ಎರಡು ಸರ್ಕಾರಗಳು ಒತ್ತಿ ಹೇಳಿವೆ.

ಆ ಪಾಸ್‌ಪೋರ್ಟ್ ಈಗ ನಿನ್ನ ಅಂಗಡಿಯ ಮೇಜಿನ ಡ್ರಾಯರಿನಲ್ಲಿದೆ. ಅದನ್ನು ಅಪ್ಪನಿಗೆ ವಾಪಸ್ ಕಳಿಸಬೇಡ. ಇಪ್ಪತ್ತನಾಲ್ಕರ ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆಗೆ ನೀನೇ ತೆಗೆದುಕೊಂಡು ಬಾ. ಎಲ್ಲೋ ಕಳೆದುಹೋಯಿತು ಎಂದರೆ ನಾನು ನಂಬುವುದಿಲ್ಲ. ಅಮ್ಮ ಮಗಳನ್ನೇ ಅನುಮಾನಿಸುತ್ತಾಳಲ್ಲ ಎಂದು ಅಳಬೇಡ. ಅನುಮಾನಿಸುತ್ತೇನೆ. ಪ್ರೀತಿಯಿಂದ ಕೈ ಹಿಡಿದವರನ್ನೇ ಅನುಮಾನಿಸುವುದನ್ನು ಕಲಿತ ಮೇಲೆ ಉಳಿದವರು ಯಾರು? ಕಂಡಕ್ಟರ್ ಕೈಗೆ ಕೊಡುವ ಮೊದಲು ಮೊಹರಿನ ಪುಟಗಳ ಝೆರಾಕ್ಸ್ ಮಾಡಿಸಿದ್ದೇನೆ. ಅದು ಪುಷ್ಪಮ್ಮನ ಮನೆಯ ಅಕ್ಕಿ ಡಬ್ಬದಲ್ಲಿದೆ. ನೀನು ಬರದಿದ್ದರೂ ಸಭೆ ನಡೆಯುತ್ತದೆ. ಆದರೆ ನೀನು ಬರಬೇಕು.

ನಿಮ್ಮಪ್ಪ ಕೆಟ್ಟವರು ಎಂದು ಬರೆಯಲು ಹೋದರೆ ಕೈ ಬರುವುದಿಲ್ಲ. ನೀನು ಹುಟ್ಟಿದಾಗ ಹೊಸನಗರದ ಆಸ್ಪತ್ರೆಯ ವರಾಂಡದಲ್ಲಿ ಮೂರು ದಿನ ನೆಲದ ಮೇಲೆ ಮಲಗಿದ್ದವರು. ಆ ಮನುಷ್ಯ ಎಲ್ಲಿ, ಯಾವ ಊರಿನ ಪ್ರವಾಸದಲ್ಲಿ ಇಳಿದುಹೋದರು ಎಂದು ನನಗೆ ಗೊತ್ತಾಗಲಿಲ್ಲ. ಆ ದೋಣಿಯಲ್ಲಿ ಕೂತಿದ್ದವರು ಅವರೇ ಆಗಿರಲಿ ಎಂದು ಈಗಲೂ ಆಸೆ.

ನಾರಾಯಣಮೂರ್ತಿಯ ಚಪ್ಪಲಿ ಸದ್ದು ಕೇಳುತ್ತಿದೆ. ಮುಗಿಸುತ್ತೇನೆ. ಕವರು ನಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕುತ್ತೇನೆ, ಯಾರ ಕೈಗೂ ಕೊಡುವುದಿಲ್ಲ.

ನಿನ್ನ ಅಮ್ಮ,
ಸುಚಿತ್ರಾ

ಮರೆತದ್ದು: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮರೆತದ್ದಲ್ಲ, ಬಚ್ಚಿಟ್ಟದ್ದು. ಆ ದಸ್ಕತ್ತು ಯಾರ ಕೈಯದೂ ಅಲ್ಲ, ನನ್ನದೇ. ವಿಯೆಟ್ನಾಮಿಗೆ ಹೊರಡುವ ಹಿಂದಿನ ಮಧ್ಯಾಹ್ನ ಸೂಟ್‌ಕೇಸ್ ತೆರೆದಿಟ್ಟುಕೊಂಡು ಸೀರೆ ಮಡಿಸುತ್ತಿದ್ದೆ. ನಿಮ್ಮಪ್ಪ ನಡಾವಳಿ ಪುಸ್ತಕ ತಂದು ಖಾಲಿ ಪುಟದ ಬುಡ ತೋರಿಸಿದರು. ಯಾಕೆ ಎಂದು ಕೇಳಲು ಬಾಯಿ ತೆರೆದೆ. ಕೇಳಿದರೆ ಜಗಳ, ಜಗಳವಾದರೆ ಟಿಕೆಟ್ ಕ್ಯಾನ್ಸಲ್. ನನಗೆ ವಿಮಾನ ಹತ್ತಬೇಕಿತ್ತು, ಭವ್ಯಾ. ಹಾಕಿದೆ. ಆ ಸೇತುವೆಯ ಮೇಲೆ "ಎಂಥ ದಸ್ಕತ್ತು" ಎಂದು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ಪುಷ್ಪಮ್ಮನಿಗೆ ಅಂಗಳದಲ್ಲಿ ಹೇಳಿದ್ದು ಹಸಿ ಸುಳ್ಳು. ಅದನ್ನೇ ನಂಬಿ ಅವಳು ಝೆರಾಕ್ಸನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಾಳೆ. ಇಪ್ಪತ್ತನಾಲ್ಕರಂದು ಹದಿನಾಲ್ಕು ಮನೆಯವರ ಎದುರು ಎದ್ದು ನಿಂತು ಇದನ್ನೂ ಹೇಳುತ್ತೇನೆ. ನಿನ್ನನ್ನು ಬಾ ಎಂದದ್ದು ಪಾಸ್‌ಪೋರ್ಟಿಗಲ್ಲ. ಅದನ್ನು ಹೇಳುವಾಗ ನನ್ನ ಕಡೆಯವರು ಅಂತ ಒಬ್ಬರು ಸಭೆಯಲ್ಲಿರಲಿ ಎಂದು.